ಉಳದೇ ಇದ್ದರೆ ಗೇಣಿ!

ಗೇಣಿ ಅಂದರೆ ಏನು ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊಲ ಒಬ್ಬರದ್ದು, ಉಳುವವರು ಇನ್ನೊಬ್ಬರು. ಉಳುವವನು ಒಡೆಯನಿಗೆ ವರ್ಷಕ್ಕಿಷ್ಟು ಅಂತ ಅಳೆದು ಕೊಡಬೇಕು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ ಮನೆಮನೆಯಲ್ಲೂ ಕೇಳಿಬಂದ ಮಾತು 'ಉಳುವವನೇ ಹೊಲದೊಡೆಯ'. ಅಂದರೆ ನಮ್ಮ ಲೆಕ್ಕದಲ್ಲಿ ಹೊಲದ ಜೊತೆ ಸೇರಿಕೊಂಡ ಮುಖ್ಯ ಕ್ರಿಯಾಪದ 'ಉಳು'.

ಈಗ ಇದನ್ನು ತಿರುಗಿಸಿ ನೋಡಿ. ಒಂದು ದೇಶದ ಸರ್ಕಾರವೇ ಗೇಣಿದಾರ. ಅದು ರೈತನಿಗೆ ವರ್ಷಾವರ್ಷ ಎಕರೆಗಿಷ್ಟು ಅಂತ ದುಡ್ಡು ಕೊಡುತ್ತದೆ. ಷರತ್ತು ಒಂದೇ: ಆ ಹೊಲವನ್ನು ಯಾರೂ ಉಳಕೂಡದು! ಹುಲ್ಲೋ ಮರವೋ ಬೆಳೆಸಿ, ಹತ್ತು ಹದಿನೈದು ವರ್ಷ ಅದರ ಪಾಡಿಗೆ ಬಿಟ್ಟುಬಿಡಬೇಕು.

ಇದು ತಮಾಷೆಯಲ್ಲ. ಅಮೆರಿಕದಲ್ಲಿ 1985ರಲ್ಲಿ ಶುರುವಾದ 'ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ' (ಎಲ್ಲರೂ ಕರೆಯುವುದು ಸಿಆರ್‌ಪಿ ಅಂತ) ಮಾಡಿದ್ದು ಇದನ್ನೇ. 2007ರಲ್ಲಿ ಇದರಡಿ ಇದ್ದ ನೆಲ 3.68 ಕೋಟಿ ಎಕರೆ. ಎಷ್ಟು ದೊಡ್ಡದು ಅಂತ ಅಂದಾಜಾಗಬೇಕಾ? ನಮ್ಮ ಇಡೀ ಕರ್ನಾಟಕ, ಬೀದರಿನಿಂದ ಚಾಮರಾಜನಗರದವರೆಗೆ, ಕಾಡು ಕೆರೆ ಊರು ರಸ್ತೆ ಎಲ್ಲಾ ಸೇರಿಸಿದರೆ ಸುಮಾರು 4.74 ಕೋಟಿ ಎಕರೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು!

ನಮ್ಮಪ್ಪನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. "ಏನು, ಬೀಳು ಬಿಟ್ಟೋರಿಗೆ ಸರ್ಕಾರ ದುಡ್ಡು ಕೊಡ್ತದಾ? ಹಂಗಾದ್ರೆ ನಮ್ಮೂರಾಗೆ ಅರ್ಧ ಊರು ಸಾಹುಕಾರ್ರು ಬಿಡು" ಅಂದರು :)

ನಗು ಬಂತು. ಆದರೆ ಇಂಥ ವಿಚಿತ್ರ ಗೇಣಿ ಹುಟ್ಟಿದ್ದಾದರೂ ಹೇಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೂರು ವರ್ಷದ ಕಥೆ. ಅದರಲ್ಲಿ ಒಂದೇ ಸಂಗತಿ ಮೂರು ಸಲ ನಡೆದಿದೆ. ಧಾನ್ಯದ ಬೆಲೆ ಏರಿತು, ಉಳಬಾರದ ನೆಲವನ್ನು ಉತ್ತರು, ಆಮೇಲೆ ಸರ್ಕಾರ ದುಡ್ಡು ಹಿಡಿದು ಬಂತು... ಬನ್ನಿ, ಮೊದಲಿನಿಂದ ನೋಡೋಣ.

*

1909ರಲ್ಲಿ ಅಮೆರಿಕ ಸರ್ಕಾರದ 'ಬ್ಯೂರೋ ಆಫ್ ಸಾಯಿಲ್ಸ್' ಒಂದು ವರದಿ ಪ್ರಕಟಿಸಿತು. ಮಣ್ಣು ದೇಶದ ಎಂದೂ ಕರಗದ ಆಸ್ತಿ, ಎಷ್ಟು ಬಳಸಿದರೂ ಮುಗಿಯದ ಸಂಪತ್ತು ಅನ್ನುವುದು ಅದರ ಸಾರ. ಇದನ್ನು ಓದಿ ತಲೆ ಕೆಡಿಸಿಕೊಂಡವರಲ್ಲಿ ಅದೇ ಇಲಾಖೆಯ ನೌಕರನೊಬ್ಬನಿದ್ದ. ಹೆಸರು ಹ್ಯೂ ಹ್ಯಾಮಂಡ್ ಬೆನೆಟ್. ನಾರ್ತ್ ಕ್ಯಾರೊಲಿನಾದ ಆನ್ಸನ್ ಕೌಂಟಿಯ ಹತ್ತಿ ಬೆಳೆಗಾರನ ಮಗ, 1881ರಲ್ಲಿ ಹುಟ್ಟಿದವನು. 1903ರಲ್ಲಿ ಕಾಲೇಜು ಮುಗಿಸಿ ಮಣ್ಣಿನ ಸರ್ವೆ ಕೆಲಸಕ್ಕೆ ಸೇರಿದ್ದ.

1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಸರ್ವೆ ಮಾಡುವಾಗ ಬೆನೆಟ್‌ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಕ್ಕಪಕ್ಕದಲ್ಲೇ ಎರಡು ತುಂಡು ನೆಲ. ಒಂದರಲ್ಲಿ ಕಾಡು, ಇನ್ನೊಂದು ಬಹುಕಾಲದಿಂದ ಉತ್ತ ಹೊಲ. ಇಳಿಜಾರು ಒಂದೇ, ಕೆಳಗಿನ ಕಲ್ಲೂ ಒಂದೇ. ಕಾಡಿನ ಮಣ್ಣು ಕೈಯಲ್ಲಿ ಹಿಡಿದರೆ ಮೆತ್ತಗೆ, ತೇವವಾಗಿ, ಪುಡಿಪುಡಿಯಾಗಿತ್ತು. ಹೊಲದ್ದು ಗಟ್ಟಿ ಜೇಡಿ. ಹೊಲದಲ್ಲಿ ಕೊರಕಲು ಬಿದ್ದಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಇಲ್ಲಿ ಹಾಗಲ್ಲ, ಪ್ರತಿ ಮಳೆಗೂ ಕಾಗದದಷ್ಟು ತೆಳುವಾದ ಒಂದು ಪದರ ಇಡೀ ಹೊಲದಿಂದ ಸಮನಾಗಿ ಜಾರಿ ಹೋಗಿತ್ತು. ಹೊಲದ ಒಡೆಯನಿಗೇ ಗೊತ್ತಾಗದ ಕಳ್ಳತನ! ಬೆನೆಟ್ ಮುಂದಿನ ಇಪ್ಪತ್ತು ವರ್ಷ ಇದನ್ನೇ ಹೇಳುತ್ತಾ ಬಂದ. ಕೇಳಿದವರು ಕಡಿಮೆ. 1928ರಲ್ಲಿ ಕೃಷಿ ಇಲಾಖೆಗಾಗಿ ಚಾಪ್ಲೈನ್ ಎಂಬುವರ ಜೊತೆ ಸೇರಿ ಒಂದು ಕಿರುಹೊತ್ತಿಗೆ ಬರೆದ. ಮಣ್ಣಿನ ಸವಕಳಿ ಇಡೀ ದೇಶಕ್ಕೇ ಗಂಡಾಂತರ ಅನ್ನುವುದು ಅದರ ತಲೆಬರಹದಲ್ಲೇ ಇತ್ತು. ಮಾರನೇ ವರ್ಷ ಸಂಸತ್ತು ಸಂಶೋಧನೆಗೆ ಅಂತ 1,60,000 ಡಾಲರ್ ಕೊಟ್ಟಿತು.

ಅಷ್ಟರಲ್ಲಿ ಮೊದಲನೇ ಉಳುಮೆ ಆಗಿಹೋಗಿತ್ತು.

ಕಾನ್ಸಾಸ್, ಕೊಲರಾಡೊ, ಒಕ್ಲಹೋಮ, ಟೆಕ್ಸಾಸ್ ರಾಜ್ಯಗಳು ಸೇರುವ ಜಾಗ ಮಳೆ ಕಡಿಮೆ ಬೀಳುವ, ಗಾಳಿ ಜೋರಾಗಿ ಬೀಸುವ ಬಯಲು. ಅಲ್ಲಿ ಸಾವಿರಾರು ವರ್ಷ ಮಣ್ಣನ್ನು ಹಿಡಿದಿಟ್ಟಿದ್ದು ಹುಲ್ಲಿನ ಬೇರು. 1862ರ ಹೋಮ್‌ಸ್ಟೆಡ್ ಕಾಯ್ದೆ ಉಳುವವರಿಗೆ 160 ಎಕರೆ ಪುಕ್ಕಟೆ ಕೊಟ್ಟಿತು. 1909ರಲ್ಲಿ ಒಣಸೀಮೆಗೆ ಅಂತ ಅದನ್ನು 320 ಎಕರೆಗೆ ಏರಿಸಿದರು. ಅಂದರೆ ಈ ಹುಲ್ಲನ್ನು ಕೀಳಲು ಮೊದಲು ಆಸೆ ಹುಟ್ಟಿಸಿದ್ದೂ ಸರ್ಕಾರವೇ ಅನ್ನೋದನ್ನು ಮರೆಯಬಾರದು. ಮೊದಲನೇ ಮಹಾಯುದ್ಧ ಬಂತು. ಯುರೋಪಿಗೆ ಗೋಧಿ ಬೇಕಾಯಿತು. ಗೋಧಿಯಿಂದಲೇ ಯುದ್ಧ ಗೆಲ್ಲಬೇಕು ಅಂತ ಸರ್ಕಾರದ ಪೋಸ್ಟರುಗಳು ಹೇಳಿದವು. ಬುಶೆಲ್ಲಿಗೆ (ಸುಮಾರು 27 ಕಿಲೋ) 2 ಡಾಲರಿಗೂ ಹೆಚ್ಚು ಬೆಲೆ ಖಾತ್ರಿಯಾಯಿತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. ಆದರೆ ಅಷ್ಟು ಹೊತ್ತಿಗೆ ಟ್ರ್ಯಾಕ್ಟರ್ ಬಂದಿತ್ತು, ಸಾಲವೂ ಬಂದಿತ್ತು. ಬೆಲೆ ಬಿದ್ದಷ್ಟೂ ಸಾಲ ತೀರಿಸಲು ಇನ್ನಷ್ಟು ನೆಲ ಉತ್ತರು. ಪೇಟೆಯಿಂದ ಬಂದು ಬಿತ್ತಿ ಹೋಗಿ, ಕೊಯ್ಲಿಗೆ ಮಾತ್ರ ಮತ್ತೆ ತಲೆ ಹಾಕುತ್ತಿದ್ದವರಿಗೆ 'ಸೂಟ್‌ಕೇಸ್ ರೈತರು' ಅಂತಲೇ ಹೆಸರು ಬಿತ್ತು. 1932ಕ್ಕೆ ಗೋಧಿ ಬೆಲೆ 40 ಸೆಂಟಿಗಿಂತ ಕೆಳಗೆ ಬಂತು. ಅದರ ಬೆನ್ನಿಗೇ ಬರಗಾಲ. ಎಷ್ಟೋ ಜನ ಹೊಲವನ್ನು ಹಾಗೇ ಬರಿದಾಗಿ ಬಿಟ್ಟು ಹೋದರು.

ಬೆಳೆಯೂ ಇಲ್ಲ, ಹುಲ್ಲೂ ಇಲ್ಲ, ಗಾಳಿ ಮಾತ್ರ ಇದೆ. ಮುಂದೆ ಏನಾಗಿರಬಹುದು ಹೇಳಿ?

1934ರ ಮೇ ತಿಂಗಳಲ್ಲಿ ಎದ್ದ ಧೂಳು ದೇಶವನ್ನೆಲ್ಲಾ ದಾಟಿ ನ್ಯೂಯಾರ್ಕ್ ಮೇಲೆ ಕವಿದು, ಅಟ್ಲಾಂಟಿಕ್ ಸಾಗರದಲ್ಲಿದ್ದ ಹಡಗುಗಳ ಮೇಲೂ ಉದುರಿತು. 1935ರ ಏಪ್ರಿಲ್ 14, ಭಾನುವಾರ, ಬಯಲುಸೀಮೆಯಲ್ಲಿ ಹಾಡಹಗಲೇ ಕತ್ತಲಾಯಿತು. ಅದಕ್ಕೆ 'ಬ್ಲ್ಯಾಕ್ ಸಂಡೇ' ಅಂತಲೇ ಹೆಸರು. ಮಾರನೇ ದಿನ ರಾಬರ್ಟ್ ಗೈಗರ್ ಎಂಬ ವರದಿಗಾರ ತನ್ನ ಸುದ್ದಿಯಲ್ಲಿ ಬಳಸಿದ 'ಡಸ್ಟ್ ಬೌಲ್' ಅನ್ನುವ ಮಾತು ಆ ಸೀಮೆಗೆ ಶಾಶ್ವತವಾಗಿ ಅಂಟಿಕೊಂಡಿತು. ಆ ವಸಂತದಲ್ಲಿ ಬೆನೆಟ್ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ಕೊಡುತ್ತಿದ್ದ. ಪಶ್ಚಿಮದಿಂದ ಧೂಳು ಬರುತ್ತಿದೆ ಅನ್ನುವ ಸುದ್ದಿ ಅವನಿಗೆ ಮೊದಲೇ ಗೊತ್ತಿತ್ತಂತೆ. ಬೇಕೆಂದೇ ಮಾತನ್ನು ಎಳೆದು ಎಳೆದು, ಕಿಟಕಿಯಾಚೆ ಆಕಾಶ ಕಪ್ಪಾದಾಗ 'ಅಗೋ ನೋಡಿ' ಅನ್ನುವಂತೆ ತೋರಿಸಿದನಂತೆ. ಬೆನೆಟ್‌ನ ಜೀವನಚರಿತ್ರೆಯಲ್ಲಿ ಬರುವ ಕಥೆ ಇದು. ನಮ್ಮ ಯಾವ ಪ್ರಾಜೆಕ್ಟ್ ಡೆಮೋಗೂ ಇಂಥ ಟೈಮಿಂಗ್ ಸಿಕ್ಕಿಲ್ಲ ಬಿಡಿ.

ಬ್ಲ್ಯಾಕ್ ಸಂಡೇ ಆಗಿ ಹದಿಮೂರೇ ದಿನಕ್ಕೆ, ಏಪ್ರಿಲ್ 27ರಂದು, ಮಣ್ಣು ಸಂರಕ್ಷಣಾ ಕಾಯ್ದೆ ಬಂತು. 'ಸಾಯಿಲ್ ಕನ್ಸರ್ವೇಶನ್ ಸರ್ವಿಸ್' ಹುಟ್ಟಿತು, ಬೆನೆಟ್ ಅದರ ಮುಖ್ಯಸ್ಥನಾದ. 1937ರ ಆಗಸ್ಟ್ 4ರಂದು ರೈತರೇ ನಡೆಸುವ ಮೊದಲ ಮಣ್ಣು ಸಂರಕ್ಷಣಾ ಜಿಲ್ಲೆ ರಚನೆಯಾದದ್ದು ಬೆನೆಟ್ ಹುಟ್ಟಿದ ಆನ್ಸನ್ ಕೌಂಟಿಯ ಬ್ರೌನ್ ಕ್ರೀಕ್‌ನಲ್ಲಿ.

*

ಇಲ್ಲಿಯವರೆಗಿನ ಕಥೆ ನೀವು ಎಲ್ಲಾದರೂ ಓದಿರಬಹುದು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ದುಡ್ಡಿನ ಕಥೆ.

ರೂಸ್‌ವೆಲ್ಟ್ ಸರ್ಕಾರ 1933ರಲ್ಲೇ ರೈತರಿಗೆ 'ಬೆಳೆ ಕಡಿಮೆ ಮಾಡಿ, ದುಡ್ಡು ಕೊಡ್ತೀವಿ' ಅಂತ ಕಾಯ್ದೆ ಮಾಡಿತ್ತು. ಆಗ ಉದ್ದೇಶ ಮಣ್ಣು ಉಳಿಸುವುದಾಗಿರಲಿಲ್ಲ, ಬೆಲೆ ಏರಿಸುವುದು. ಆ ವರ್ಷ ಬೆಳೆದು ನಿಂತಿದ್ದ ಹತ್ತಿಯನ್ನು ಸುಮಾರು ಒಂದು ಕೋಟಿ ಎಕರೆಯಲ್ಲಿ ಉತ್ತು ಮಣ್ಣು ಮಾಡಿದರು. ಹತ್ತಿ, ಗೋಧಿ ಸಂಸ್ಕರಿಸುವವರ ಮೇಲೆ ತೆರಿಗೆ ಹಾಕಿ ಆ ದುಡ್ಡನ್ನು ರೈತರಿಗೆ ಕೊಡುವ ಏರ್ಪಾಡು. 1936ರ ಜನವರಿ 6ರಂದು ಸುಪ್ರೀಂ ಕೋರ್ಟು 'ಇದು ಸಂವಿಧಾನಬಾಹಿರ' ಅಂದುಬಿಟ್ಟಿತು.

ಆಗ ಸರ್ಕಾರಕ್ಕೆ ನೆನಪಾಗಿದ್ದು ಮಣ್ಣು! ಎಂಟು ವಾರದೊಳಗೆ, ಫೆಬ್ರವರಿ 29ರಂದು, ಹೊಸ ಕಾಯ್ದೆ ಬಂತು. ಈಗ ರೈತನಿಗೆ ದುಡ್ಡು ಕೊಡುವುದು ಬೆಳೆ ಕಡಿಮೆ ಮಾಡಿದ್ದಕ್ಕಲ್ಲ, 'ಮಣ್ಣು ಸವೆಸುವ ಬೆಳೆ' ಬಿಟ್ಟು 'ಮಣ್ಣು ಉಳಿಸುವ ಬೆಳೆ' ಹಾಕಿದ್ದಕ್ಕೆ. ಸವೆಸುವ ಪಟ್ಟಿಯಲ್ಲಿ ಇದ್ದದ್ದು ಯಾವುವು? ಹತ್ತಿ, ಗೋಧಿ, ಮುಸುಕಿನ ಜೋಳ, ತಂಬಾಕು. ಅಂದರೆ ಯಾವುದು ಗೋದಾಮಿನಲ್ಲಿ ತುಂಬಿ ತುಳುಕುತ್ತಿತ್ತೋ ಅದೇ. ಉಳಿಸುವ ಪಟ್ಟಿಯಲ್ಲಿ ಹುಲ್ಲು, ದ್ವಿದಳ ಬೆಳೆಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಳಗಿನ ಕೋಡ್ ಅದೇ, ಮೇಲಿನ ಲೇಬಲ್ ಮಾತ್ರ ಬೇರೆ.

ಇದರಲ್ಲಿ ಕಪಟ ಇತ್ತು ಅಂತ ನಾನು ಹೇಳುತ್ತಿಲ್ಲ. ಬೆಲೆ ಮತ್ತು ಮಣ್ಣು ಎರಡೂ ನಿಜವಾದ ಸಮಸ್ಯೆಗಳೇ. ಆದರೆ ಆ ದಿನ ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದರು. ಬೆಲೆ ಕೆಳಗಿದ್ದಾಗ ಎರಡೆತ್ತೂ ಒಂದೇ ಕಡೆ ಎಳೆಯುತ್ತವೆ. ಬೆಲೆ ಏರಿದ ದಿನ?

ಇನ್ನೊಂದು ಪ್ರಶ್ನೆ ಆಗಲೇ ಎದ್ದಿತ್ತು: ದುಡ್ಡು ಯಾರಿಗೆ? ದಕ್ಷಿಣದ ಹತ್ತಿ ಸೀಮೆಯಲ್ಲಿ ಉಳುತ್ತಿದ್ದವರು ಹೆಚ್ಚಿನಂಶ ಪಾಲುದಾರರು. ಅವರಲ್ಲಿ ಕರಿಯರೂ ಇದ್ದರು, ಬಡ ಬಿಳಿಯರೂ ಇದ್ದರು. ನಮ್ಮ ಕೋರು ಪದ್ಧತಿಯಂತೆ ಬೆಳೆಯಲ್ಲಿ ಪಾಲು ತೆಗೆದುಕೊಂಡು ದುಡಿಯುವವರು. ಸರ್ಕಾರದ ಹಣ ಬಂದದ್ದು ಒಡೆಯನ ಹೆಸರಿಗೆ. ಹೊಲದಲ್ಲಿ ಬೆಳೆ ಕಡಿಮೆಯಾದ ಮೇಲೆ ಅಷ್ಟು ಒಕ್ಕಲುಗಳು ಯಾಕೆ ಬೇಕು? ಎಷ್ಟೋ ಕುಟುಂಬಗಳನ್ನು ಎಬ್ಬಿಸಿದರು. ಒಡೆಯನ ಕೈಗೆ ಬಂದ ದುಡ್ಡಿನಲ್ಲಿ ಟ್ರ್ಯಾಕ್ಟರ್ ಬಂತು. 1934ರ ಜುಲೈನಲ್ಲಿ ಅರ್ಕಾನ್ಸಾಸ್‌ನ ಟೈರೊಂಜಾ ಎಂಬ ಪುಟ್ಟ ಊರಿನಲ್ಲಿ ಕರಿಯ, ಬಿಳಿಯ ಒಕ್ಕಲುಗಳು ಒಟ್ಟಿಗೆ ಸೇರಿ ಸಂಘ ಕಟ್ಟಿದ್ದು ಇದರ ವಿರುದ್ಧವೇ. ಸ್ಟೈನ್‌ಬೆಕ್‌ನ 'ದಿ ಗ್ರೇಪ್ಸ್ ಆಫ್ ರಾತ್' ಓದಿದವರಿಗೆ ಜೋಡ್ ಕುಟುಂಬ ನೆನಪಿರಬಹುದು. ಅವರ ಊರು ಸ್ಯಾಲಿಸಾ ಇರುವುದು ಒಕ್ಲಹೋಮದ ಪೂರ್ವದ ತುದಿಯಲ್ಲಿ, ಡಸ್ಟ್ ಬೌಲ್‌ನಿಂದ ಬಹಳ ದೂರ. ಕ್ಯಾಲಿಫೋರ್ನಿಯಾಗೆ ಗುಳೆ ಹೋದ ಒಕ್ಲಹೋಮದವರಲ್ಲಿ ಹೆಚ್ಚಿನವರು ಧೂಳಿನ ಸೀಮೆಯವರಲ್ಲ, ಹತ್ತಿ ಸೀಮೆಯಲ್ಲಿ ನೆಲೆ ಕಳೆದುಕೊಂಡವರು. ಮಣ್ಣನ್ನು ಉಳಿಸುವ ಹಣ ಮನುಷ್ಯರನ್ನು ಎಬ್ಬಿಸಲೂಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅದೇ ಹೊತ್ತಿಗೆ ಸರ್ಕಾರ ಇನ್ನೊಂದು ದಾರಿಯನ್ನೂ ಪ್ರಯತ್ನಿಸಿತು, ನೇರವಾಗಿ ಕೊಳ್ಳುವುದು. ಹಾಳಾದ ಹೊಲಗಳನ್ನು ಎಕರೆಗೆ ಸರಾಸರಿ 4 ಡಾಲರ್ ಚಿಲ್ಲರೆಗೆ ಕೊಂಡಿತು. ಒಟ್ಟು ಸುಮಾರು 1.13 ಕೋಟಿ ಎಕರೆ. ಬಯಲುಸೀಮೆಯಲ್ಲಿ ಕೊಂಡ ನೆಲಕ್ಕೆ ಮತ್ತೆ ಹುಲ್ಲು ಬಿತ್ತಿದರು. ಅದರಲ್ಲಿ ಸುಮಾರು 38 ಲಕ್ಷ ಎಕರೆ 1960ರಲ್ಲಿ 'ರಾಷ್ಟ್ರೀಯ ಹುಲ್ಲುಗಾವಲು' ಆಯಿತು. ಕಾನ್ಸಾಸ್‌ನ ಸಿಮರಾನ್, ಕೊಲರಾಡೊದ ಕೊಮಾಂಚಿ ಹುಲ್ಲುಗಾವಲುಗಳು ಡಸ್ಟ್ ಬೌಲ್‌ನ ನಟ್ಟನಡುವೆ ಇದ್ದ ಹೊಲಗಳು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಕೊನೆಯಲ್ಲಿ ಬೇಕಾಗುತ್ತದೆ.

*

ಎರಡನೇ ಮಹಾಯುದ್ಧ ಬಂತು, ಬೆಲೆ ಏರಿತು, ನೇಗಿಲು ಮತ್ತೆ ಹೊರಬಂತು. 1950ರ ದಶಕದಲ್ಲಿ ಮತ್ತೆ ಬರ, ಮತ್ತೆ ಧೂಳು, ಜೊತೆಗೆ ಗೋದಾಮಿನ ತುಂಬಾ ಯಾರಿಗೂ ಬೇಡದ ಧಾನ್ಯ. 1956ರಲ್ಲಿ ಐಸೆನ್‌ಹೋವರ್ ಸರ್ಕಾರ 'ಸಾಯಿಲ್ ಬ್ಯಾಂಕ್' ಯೋಜನೆ ತಂದಿತು. ಹೆಸರು ಚೆನ್ನಾಗಿದೆ ಅಲ್ವಾ? ಬ್ಯಾಂಕಿನಲ್ಲಿ ದುಡ್ಡಿಟ್ಟ ಹಾಗೆ ಮಣ್ಣನ್ನು ಡಿಪಾಸಿಟ್ ಇಡುವುದು. ಇದರ ಒಂದು ಭಾಗದಲ್ಲಿ ರೈತ ಮೂರರಿಂದ ಹತ್ತು ವರ್ಷ ಹೊಲವನ್ನು ಹುಲ್ಲಿಗೋ ಮರಕ್ಕೋ ಬಿಟ್ಟುಕೊಡಬೇಕು, ಸರ್ಕಾರ ವರ್ಷಾವರ್ಷ ಗೇಣಿ ಕೊಡುತ್ತದೆ. 1960ರ ಹೊತ್ತಿಗೆ ಸುಮಾರು 2.87 ಕೋಟಿ ಎಕರೆ ಹೀಗೆ 'ಡಿಪಾಸಿಟ್' ಆಗಿತ್ತು. ದಕ್ಷಿಣದಲ್ಲಿ 20 ಲಕ್ಷ ಎಕರೆಗೂ ಮೀರಿ ಮರ ನೆಟ್ಟರು. ಸೌತ್ ಡಕೋಟಾದಲ್ಲಿ ಬೀಳು ಹೊಲದ ಹುಲ್ಲಿನಲ್ಲಿ ಗೂಡು ಕಟ್ಟುವ ಫೆಸೆಂಟ್ ಹಕ್ಕಿಗಳು ಮತ್ತೆ ತುಂಬಿಕೊಂಡವು.

ಆದರೆ ತಕರಾರು ಬಂದದ್ದು ಯಾರೂ ಊಹಿಸದ ಕಡೆಯಿಂದ. ಇಡೀ ಜಮೀನನ್ನೇ ಸಾಯಿಲ್ ಬ್ಯಾಂಕಿಗೆ ಹಾಕುವ ಅವಕಾಶವಿತ್ತು. ಎಷ್ಟೋ ಜನ ಹಾಗೇ ಮಾಡಿ ಪೇಟೆ ಸೇರಿದರು. ರೈತನಿಗೆ ಗೇಣಿ ಬಂತು ಸರಿ. ಆದರೆ ಬೀಜ ಮಾರುವವನಿಗೆ? ಟ್ರ್ಯಾಕ್ಟರ್ ರಿಪೇರಿ ಮಾಡುವವನಿಗೆ? ಊರಿನ ದಿನಸಿ ಅಂಗಡಿಯವನಿಗೆ? ಉಳುಮೆ ನಿಂತರೆ ಅವರ ವ್ಯಾಪಾರವೂ ನಿಂತಂತೆ. ಸಣ್ಣ ಸಣ್ಣ ಊರುಗಳಿಂದ ದೂರುಗಳು ಬಂದವು. ಈ ಪಾಠ ಮರೆಯಲಿಲ್ಲ. ಮುಂದೆ 1985ರ ಕಾಯ್ದೆ ಬರೆಯುವಾಗ ಒಂದು ಕೌಂಟಿಯ ಸಾಗುವಳಿ ನೆಲದಲ್ಲಿ ಸಾಮಾನ್ಯವಾಗಿ ಶೇ. 25ಕ್ಕಿಂತ ಹೆಚ್ಚು ಸೇರಿಸಬಾರದು ಅಂತ ಮಿತಿ ಹಾಕಿದರು.

ಹೊಸದಾಗಿ ಸೇರಿಸಿಕೊಳ್ಳುವುದು 1960ರ ನಂತರ ನಿಂತಿತು. ಒಪ್ಪಂದಗಳು ಒಂದೊಂದಾಗಿ ಮುಗಿಯುತ್ತಾ ಬಂದವು. ಆಗ ಬಂತು 1972. ಸೋವಿಯತ್ ಒಕ್ಕೂಟ ಆ ಬೇಸಿಗೆಯಲ್ಲಿ ಅಮೆರಿಕದಿಂದ ಭಾರೀ ಪ್ರಮಾಣದಲ್ಲಿ ಧಾನ್ಯ ಕೊಂಡಿತು. ಬೆಲೆ ಗಗನಕ್ಕೇರಿತು. ನಿಕ್ಸನ್ ಸರ್ಕಾರದ ಕೃಷಿ ಕಾರ್ಯದರ್ಶಿ ಅರ್ಲ್ ಬಟ್ಜ್ ರೈತರಿಗೆ ಕೊಟ್ಟ ಕರೆ ಬೇಲಿಯಿಂದ ಬೇಲಿಯವರೆಗೆ ಬಿತ್ತಿ ಅಂತ. ಬಿತ್ತಿದರು. ಸಾಯಿಲ್ ಬ್ಯಾಂಕಿನ ಹುಲ್ಲು ಮಗುಚಿತು. 1934ರಿಂದ 1942ರವರೆಗೆ ಗಾಳಿ ತಡೆಯಲು 22 ಕೋಟಿ ಗಿಡ ನೆಟ್ಟಿದ್ದರಲ್ಲ, ಆ ಮರದ ಸಾಲುಗಳನ್ನೂ ದೊಡ್ಡ ಯಂತ್ರಗಳಿಗೆ ಅಡ್ಡ ಅಂತ ಎಷ್ಟೋ ಕಡೆ ಕಿತ್ತರು. ದಕ್ಷಿಣದಲ್ಲಿ ನೆಟ್ಟಿದ್ದ ಪೈನ್ ಮರಗಳು ಬಹುಪಾಲು ಉಳಿದವು, ಯಾಕೆಂದರೆ ಅವೇ ಒಂದು ಬೆಳೆ. ಹುಲ್ಲಿಗೆ ಆ ಭಾಗ್ಯ ಇರಲಿಲ್ಲ.

ಇದು ಎರಡನೇ ಸಲ.

*

1980ರ ದಶಕ ಬಂದಾಗ ಚಕ್ರ ಮತ್ತೆ ಕೆಳಗಿಳಿದಿತ್ತು. ರಫ್ತು ಬಿತ್ತು, ಬಡ್ಡಿ ಏರಿತು, 70ರ ದಶಕದಲ್ಲಿ ಸಾಲ ಮಾಡಿ ನೆಲ ಕೊಂಡವರು ಮುಳುಗಿದರು. ಬ್ಯಾಂಕುಗಳು ಜಮೀನು ಹರಾಜು ಹಾಕತೊಡಗಿದವು. ರೈತರಿಗಾಗಿ ಹಣ ಸೇರಿಸಲು ದೊಡ್ಡ ದೊಡ್ಡ ಗಾಯಕರು ಸೇರಿ 'ಫಾರ್ಮ್ ಏಡ್' ಸಂಗೀತ ಕಛೇರಿ ಮಾಡಿದ್ದು 1985ರ ಸೆಪ್ಟೆಂಬರಿನಲ್ಲಿ. ಇತ್ತ ಕೊಲರಾಡೊ, ಮೊಂಟಾನಾಗಳಲ್ಲಿ ಹೊರಗಿನ ಹೂಡಿಕೆದಾರರು ಹುಲ್ಲುಗಾವಲು ಕೊಂಡು ಉತ್ತು ಗೋಧಿ ಹಾಕುತ್ತಿದ್ದರು. ಅಕ್ಕಪಕ್ಕದ ದನಗಾಹಿಗಳಿಗೆ ಧೂಳು. ಕೊಲರಾಡೊದ ಸೆನೆಟರ್ ವಿಲಿಯಂ ಆರ್ಮ್‌ಸ್ಟ್ರಾಂಗ್ ಕೇಳಿದ್ದು ಸರಳ ಪ್ರಶ್ನೆ: ಸುಲಭವಾಗಿ ಸವೆಯುವ ನೆಲವನ್ನು ಹೊಸದಾಗಿ ಉಳುವವರಿಗೆ ಸರ್ಕಾರ ಯಾಕೆ ಸಬ್ಸಿಡಿ ಕೊಡಬೇಕು?

1985ರ ಡಿಸೆಂಬರ್ 23ರಂದು ರೇಗನ್ ಸಹಿ ಹಾಕಿದ ಕೃಷಿ ಕಾಯ್ದೆಯಲ್ಲಿ ಬೆಲ್ಲವೂ ಇತ್ತು, ಬೆತ್ತವೂ ಇತ್ತು. ಬೆತ್ತ ಅಂದರೆ 'ಸಾಡ್‌ಬಸ್ಟರ್' ಮತ್ತು 'ಸ್ವಾಂಪ್‌ಬಸ್ಟರ್'. ಸವೆಯುವ ಹುಲ್ಲುನೆಲವನ್ನು ಮಣ್ಣು ಕಾಯುವ ಕ್ರಮವಿಲ್ಲದೆ ಉತ್ತರೆ, ಅಥವಾ ಜವುಗು ನೆಲವನ್ನು ಬಸಿದು ಬೆಳೆ ಹಾಕಿದರೆ, ಸರ್ಕಾರದ ಕೃಷಿ ಸವಲತ್ತು ಬಂದ್. ಬೆಲ್ಲವೇ ಸಿಆರ್‌ಪಿ. ಸವೆಯುವ ಹೊಲವನ್ನು 10ರಿಂದ 15 ವರ್ಷಕ್ಕೆ ಬಿಟ್ಟುಕೊಟ್ಟರೆ ವರ್ಷಾವರ್ಷ ಗೇಣಿ, ಹುಲ್ಲು ಅಥವಾ ಮರ ಹಾಕುವ ಖರ್ಚಿನಲ್ಲಿ ಅರ್ಧದವರೆಗೆ ಸರ್ಕಾರದ್ದು. ಒಬ್ಬರಿಗೆ ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಗೇಣಿ ಇಲ್ಲ.

ಗೇಣಿ ಎಷ್ಟು ಅಂತ ನಿಗದಿ ಮಾಡಿದ್ದು ಹೇಗೆ? ಹರಾಜಿನಂತೆ. ರೈತ ತನಗೆ ಎಕರೆಗೆ ಎಷ್ಟು ಬೇಕು ಅಂತ ಬರೆದುಕೊಡಬೇಕು. ಸರ್ಕಾರದ ಹತ್ತಿರ ಆಯಾ ಸೀಮೆಗೆ ಒಂದು ಗುಪ್ತ ಗರಿಷ್ಠ ಮಿತಿ ಇರುತ್ತಿತ್ತು. ಅದಕ್ಕಿಂತ ಕಡಿಮೆ ಕೇಳಿದವರನ್ನು ತೆಗೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಓದಲು ಚೆನ್ನಾಗಿದೆ. ಆದರೆ ರೈತರೇನು ದಡ್ಡರೇ? 1986ರಲ್ಲಿ ಒಂದೆರಡು ಸುತ್ತು ಆಗುವಷ್ಟರಲ್ಲಿ ಆ ಗುಪ್ತ ಮಿತಿ ಎಷ್ಟು ಅಂತ ಊರಿಗೆಲ್ಲಾ ಗೊತ್ತಾಯಿತು! ಆಮೇಲೆ ಎಲ್ಲರೂ ಹೆಚ್ಚುಕಡಿಮೆ ಅಷ್ಟನ್ನೇ ಕೇಳತೊಡಗಿದರು. ಮೊದಲ ವರ್ಷಗಳಲ್ಲಿ ಸರಾಸರಿ ಗೇಣಿ ಎಕರೆಗೆ ಸುಮಾರು 49 ಡಾಲರ್ ಬಿತ್ತು. ಬಯಲುಸೀಮೆಯ ಎಷ್ಟೋ ಕಡೆ ಹತ್ತು ವರ್ಷದ ಗೇಣಿ ಕೂಡಿಸಿದರೆ ಆ ಹೊಲವನ್ನೇ ಕೊಳ್ಳಬಹುದಿತ್ತಲ್ಲ ಅನ್ನುವ ಟೀಕೆ ಬಂದದ್ದು ಸುಮ್ಮನೆ ಅಲ್ಲ.

1990ರ ಕಾಯ್ದೆಯ ನಂತರ ಆಯ್ಕೆಯ ರೀತಿ ಬದಲಾಯಿತು. ನಮ್ಮಂಥ ಸಾಫ್ಟ್‌ವೇರಿನವರಿಗೆ ಖುಷಿಯಾಗುವ ಭಾಗ ಇದೇ. ಪ್ರತಿ ಅರ್ಜಿಗೂ ಅಂಕ ಕೊಡುವ ಒಂದು ಸೂಚ್ಯಂಕ ಬಂತು, 'ಎನ್ವಿರಾನ್‌ಮೆಂಟಲ್ ಬೆನಿಫಿಟ್ಸ್ ಇಂಡೆಕ್ಸ್'. ಆಮೇಲೆ ಅದನ್ನು ತಿದ್ದುತ್ತಾ ಹೋದರು. ಕಾಡುಪ್ರಾಣಿ ಪಕ್ಷಿಗಳಿಗೆ ಎಷ್ಟು ಉಪಯೋಗ, ನೀರು ಎಷ್ಟು ತಿಳಿಯಾಗುತ್ತದೆ, ಮಣ್ಣು ಎಷ್ಟು ಉಳಿಯುತ್ತದೆ, ಒಪ್ಪಂದ ಮುಗಿದ ಮೇಲೂ ಉಪಯೋಗ ಉಳಿಯುತ್ತದೆಯೇ, ಗಾಳಿ ಎಷ್ಟು ಶುದ್ಧವಾಗುತ್ತದೆ, ರೈತ ಕೇಳಿದ ಗೇಣಿ ಎಷ್ಟು, ಎಲ್ಲಕ್ಕೂ ಅಂಕ. ಒಂದೇ ಜಾತಿಯ ಹುಲ್ಲು ಹಾಕುವುದಕ್ಕಿಂತ ಅಲ್ಲಿನದೇ ನಾಲ್ಕಾರು ಜಾತಿ ಬೆರೆಸಿ ಹಾಕಿದರೆ ಅಂಕ ಜಾಸ್ತಿ, ಗೇಣಿ ಕಡಿಮೆ ಕೇಳಿದರೂ ಜಾಸ್ತಿ. ದೇಶದ ಎಲ್ಲಾ ಅರ್ಜಿಗಳನ್ನೂ ಅಂಕದ ಪ್ರಕಾರ ಸಾಲಾಗಿ ಜೋಡಿಸಿ ಮೇಲಿನವರನ್ನು ಆರಿಸುವುದು. 1996ರಿಂದ ಹಳ್ಳ ತೊರೆಗಳ ದಡದ ಹುಲ್ಲಿನ ಪಟ್ಟಿಯಂಥ ಸಣ್ಣ ಆದರೆ ಮುಖ್ಯ ಜಾಗಗಳಿಗೆ ಸ್ಪರ್ಧೆಯೇ ಇಲ್ಲದೆ ಯಾವಾಗ ಬೇಕಾದರೂ ಸೇರುವ ಅವಕಾಶ ಕೊಟ್ಟರು. ಇಪ್ಪತ್ತು ಎಕರೆ ಹೊಲದಲ್ಲಿ ಹಳ್ಳದ ಪಕ್ಕದ ಒಂದೆಕರೆ ಬಿಟ್ಟರೂ ನೀರಿಗೆ ಎಷ್ಟು ಅನುಕೂಲ ಅನ್ನುವುದು ಊರಿನಲ್ಲಿ ಹಳ್ಳ ನೋಡಿದವರಿಗೆ ಗೊತ್ತು.

ಫಲ ಸಿಕ್ಕಿತೇ? ಖಂಡಿತ. ಅಮೆರಿಕದ ಸಾಗುವಳಿ ನೆಲದಿಂದ 1982ರಲ್ಲಿ ಸುಮಾರು 300 ಕೋಟಿ ಟನ್ ಮಣ್ಣು ಸವೆದಿತ್ತು. 2007ಕ್ಕೆ ಅದು ಸುಮಾರು 170 ಕೋಟಿ ಟನ್ನಿಗೆ ಇಳಿಯಿತು. ಇದು ಪೂರ್ತಿ ಸಿಆರ್‌ಪಿಯ ಪುಣ್ಯವಲ್ಲ. ಉಳದೇ ಬಿತ್ತುವ ಪದ್ಧತಿ, ಮೇಲೆ ಹೇಳಿದ ಬೆತ್ತ, ಎಲ್ಲವೂ ಸೇರಿವೆ. ಉತ್ತರದ ಡಕೋಟಾ ಕಡೆಯ ಸಣ್ಣ ಸಣ್ಣ ಹೊಂಡಗಳ ಸೀಮೆಯಲ್ಲಿ ಸಿಆರ್‌ಪಿ ಹುಲ್ಲಿನಿಂದಾಗಿ ವರ್ಷಕ್ಕೆ ಸುಮಾರು 20 ಲಕ್ಷ ಬಾತುಕೋಳಿಗಳು ಹೆಚ್ಚಾದವು ಅಂತ ವನ್ಯಜೀವಿ ಇಲಾಖೆಯವರ ಅಧ್ಯಯನ ಅಂದಾಜಿಸಿದೆ.

ಸೋರಿಕೆಯೂ ಇತ್ತು ಅನ್ನುವವರಿದ್ದಾರೆ. ಜುಂಜಿಯೆ ವು ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಹಾಕಿದ ಲೆಕ್ಕದ ಪ್ರಕಾರ ಮಧ್ಯ ಅಮೆರಿಕದಲ್ಲಿ 100 ಎಕರೆ ಬೀಳು ಬಿಟ್ಟರೆ ಬೇರೆಲ್ಲೋ 20 ಎಕರೆ ಹೊಸದಾಗಿ ಉಳುಮೆಗೆ ಬರುತ್ತಿತ್ತು. ಆ ಲೆಕ್ಕದ ರೀತಿಯನ್ನು ಪ್ರಶ್ನಿಸಿದ ಅರ್ಥಶಾಸ್ತ್ರಜ್ಞರೂ ಇದ್ದಾರೆ.

*

ಈಗ ಮೂರನೇ ಸಲದ ಕಥೆ.

2005 ಮತ್ತು 2007ರಲ್ಲಿ ಅಮೆರಿಕ ಇಂಧನ ಕಾಯ್ದೆಗಳನ್ನು ಮಾಡಿತು. ಪೆಟ್ರೋಲಿಗೆ ಇಂತಿಷ್ಟು ಜೈವಿಕ ಇಂಧನ ಬೆರೆಸಲೇಬೇಕು. ಅಲ್ಲಿ ಅದು ಬಹುಪಾಲು ಮುಸುಕಿನ ಜೋಳದಿಂದ ಮಾಡುವ ಎಥನಾಲ್. ಜೋಳದ ಬೆಲೆ ಏರಿತು. 2008ರಲ್ಲಿ ಬುಶೆಲ್ಲಿಗೆ 7 ಡಾಲರ್ ದಾಟಿತು, 2012ರ ಬರದಲ್ಲಿ 8 ಡಾಲರ್. ಎಕರೆಗೆ ಐವತ್ತು ಚಿಲ್ಲರೆ ಡಾಲರ್ ಗೇಣಿ ಯಾರಿಗೆ ಬೇಕು? ಹತ್ತು ವರ್ಷದ ಒಪ್ಪಂದ ಮುಗಿದ ರೈತರು ಹುಲ್ಲನ್ನು ಮಗುಚಿದರು. ಸಂಸತ್ತೂ ಮಿತಿ ಇಳಿಸುತ್ತಾ ಹೋಯಿತು. 2008ರ ಕಾಯ್ದೆಯಲ್ಲಿ 3.2 ಕೋಟಿ ಎಕರೆ, 2014ರ ಕಾಯ್ದೆಯಲ್ಲಿ 2.4 ಕೋಟಿ. 2007ರಲ್ಲಿ 3.68 ಕೋಟಿ ಎಕರೆ ಇದ್ದದ್ದು 2014ಕ್ಕೆ ಸುಮಾರು 2.54 ಕೋಟಿ. ಏಳು ವರ್ಷದಲ್ಲಿ ಹೊರಬಿದ್ದದ್ದು ಕರ್ನಾಟಕದ ಕಾಲು ಭಾಗದಷ್ಟು ನೆಲ! 2018ರ ಕಾಯ್ದೆ ಮಿತಿಯನ್ನು ಮತ್ತೆ 2.7 ಕೋಟಿಗೆ ಏರಿಸಿತು.

ಸೂಕ್ಷ್ಮವಾಗಿ ನೋಡಿ. ಒಂದು ಕೈ ಹುಲ್ಲು ಉಳಿಸಲು ದುಡ್ಡು ಕೊಡುತ್ತಿತ್ತು. ಅದೇ ಸರ್ಕಾರದ ಇನ್ನೊಂದು ಕೈ ಎಥನಾಲ್ ಕಡ್ಡಾಯ ಮಾಡಿ ಅದೇ ಹುಲ್ಲನ್ನು ಉಳಲು ಕಾರಣ ಒದಗಿಸುತ್ತಿತ್ತು. ಎಥನಾಲ್ ಕಾಯ್ದೆಗೆ ಕೊಟ್ಟ ಕಾರಣಗಳಲ್ಲಿ ಪರಿಸರವೂ ಒಂದು.

ರೈತರನ್ನು ಬೈಯುವ ಮನಸ್ಸು ನನಗಿಲ್ಲ. ಒಪ್ಪಂದ ಹತ್ತು ವರ್ಷದ್ದು. ಅವರು ಮಾತು ಉಳಿಸಿಕೊಂಡಿದ್ದಾರೆ. ಹೊಲ ಅವರದ್ದು, ಸಾಲವೂ ಅವರದ್ದು, ಮಗಳ ಕಾಲೇಜು ಫೀಸೂ ಅವರದ್ದೇ. ಬೆಲೆ ಏರಿದಾಗ ಬಿತ್ತಬೇಡಿ ಅಂತ ಹೇಳಲು ಪೇಟೆಯಲ್ಲಿ ಕೂತ ನಮಗೆ ಯಾವ ಹಕ್ಕಿದೆ? ತೊಂದರೆ ಇರುವುದು ಲೆಕ್ಕದಲ್ಲಿ. ಒಂದು ಇಂಚು ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಅದನ್ನು ಕಾಯುವ ಒಪ್ಪಂದ ಹತ್ತು ವರ್ಷದ್ದು. ಧಾನ್ಯದ ಬೆಲೆ ಬದಲಾಗಲು ಒಂದು ಬೇಸಿಗೆ ಸಾಕು. ಈ ಮೂರು ಗಡಿಯಾರಗಳು ಎಂದೂ ಕೂಡುವುದಿಲ್ಲ.

ಈಗ ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ಸಿಮರಾನ್, ಕೊಮಾಂಚಿಗೆ ಬನ್ನಿ. 1930ರ ದಶಕದಲ್ಲಿ ಸರ್ಕಾರ ಕೊಂಡ ಆ ಹಾಳು ಹೊಲಗಳಲ್ಲಿ 1973ರಲ್ಲೂ ಹುಲ್ಲಿತ್ತು, 2008ರಲ್ಲೂ ಹುಲ್ಲಿತ್ತು. ದನಗಳು ಮೇಯುತ್ತವೆ, ಯಾರೂ ಉಳುವುದಿಲ್ಲ. ಕೊಂಡದ್ದು ಉಳಿಯಿತು, ಗೇಣಿಗೆ ಹಿಡಿದದ್ದು ಬೆಲೆಯ ಜೊತೆ ಹೋಗಿಬಂತು.

ಹಾಗಾದರೆ ಎಲ್ಲವನ್ನೂ ಸರ್ಕಾರ ಕೊಂಡುಬಿಡಲಿ ಅಂತಲೇ? ಅಲ್ಲ. 1930ರ ದಶಕದಲ್ಲಿ ಜನ ದಿವಾಳಿಯಾಗಿ ನಾಲ್ಕು ಡಾಲರಿಗೆ ಮಾರುತ್ತಿದ್ದರು. ಅಂಥ ದಿನ ಮತ್ತೆ ಬರಲಿ ಅಂತ ಯಾರೂ ಬಯಸಬಾರದು. ನಡುವಿನ ದಾರಿಯೊಂದು 1990ರ ಕಾಯ್ದೆಯಲ್ಲೇ ಇತ್ತು. ಜವುಗು ನೆಲಕ್ಕೆ ಅಂತ ಮಾಡಿದ ಯೋಜನೆಯಲ್ಲಿ ಹೊಲ ರೈತನ ಹೆಸರಿನಲ್ಲೇ ಇರುತ್ತದೆ, ಆದರೆ ಬಸಿದು ಉಳುವ ಹಕ್ಕನ್ನು ಮಾತ್ರ ಸರ್ಕಾರ ಒಮ್ಮೆಗೇ ಬೆಲೆ ಕೊಟ್ಟು ಕೊಳ್ಳುತ್ತದೆ, 30 ವರ್ಷಕ್ಕೆ ಅಥವಾ ಶಾಶ್ವತವಾಗಿ. ತೀರಾ ಸೂಕ್ಷ್ಮವಾದ ಜಾಗಗಳಿಗೆ ಇದೇ ಸರಿ ಅಂತ ನನಗನ್ನಿಸುತ್ತದೆ. ಉಳಿದ ಕಡೆ ಗೇಣಿ ಇರಲಿ, ಆದರೆ ಧಾನ್ಯದ ಬೆಲೆಯ ಜೊತೆ ಅದೂ ಏರಿಳಿಯಲಿ. ಮತ್ತೆ, ದುಡ್ಡು ಪಹಣಿಯಲ್ಲಿ ಹೆಸರಿದ್ದವನಿಗೆ ಮಾತ್ರ ಹೋಗಿ, ಆ ಹೊಲದಲ್ಲಿ ದುಡಿಯುತ್ತಿದ್ದವನು ಗಂಟು ಕಟ್ಟುವಂತಾಗದಿರಲಿ. ಟೈರೊಂಜಾದ ಒಕ್ಕಲುಗಳು 1934ರಲ್ಲೇ ಹೇಳಿದ ಮಾತು ಅದು. ಗೇಣಿಯ ಚರಿತ್ರೆ ಚೆನ್ನಾಗಿ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗಬೇಕು.

ಮಣ್ಣು ಹೊಲದಲ್ಲಿದ್ದಾಗ ರೈತನದ್ದು. ಹಳ್ಳಕ್ಕೆ ಬಂದು, ಹೊಳೆಗೆ ಸೇರಿ, ಅಣೆಕಟ್ಟಿನ ತಳದಲ್ಲಿ ಹೂಳಾಗಿ ಕೂತಾಗ ಎಲ್ಲರದ್ದು. ಹಾಗಿರುವಾಗ ಅದನ್ನು ಹೊಲದಲ್ಲೇ ನಿಲ್ಲಿಸುವ ಖರ್ಚು ಯಾರದ್ದು? ಒಂದು ವೇಳೆ ಎಲ್ಲರದ್ದೂ ಅನ್ನುವುದಾದರೆ, ಎಷ್ಟು ವರ್ಷಕ್ಕೆ?

ನೀವೇನಂತೀರಿ? ಮನೆಯಲ್ಲಿ ಹೊಲ ಇರುವವರು ಹೇಳಿದರೆ ಇನ್ನೂ ಸಂತೋಷ.